ರಿಪೇರಿ ಮೇಜು: ಸಿಆರ್‌ಒ ಟ್ಯೂಬ್ ಬಿಚ್ಚುವ ಮೊದಲು

ಕಳೆದ ಸಲ ಹಳೆಯ ಲ್ಯಾಬ್ ಉಪಕರಣಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಆಸಿಲೋಸ್ಕೋಪ್ ಬಗ್ಗೆ. ವಿದ್ಯುತ್ ಸಿಗ್ನಲ್ಲಿನ ತರಂಗವನ್ನು ಪರದೆಯ ಮೇಲೆ ಬರೆದು ತೋರಿಸುವ ಉಪಕರಣ ಅದು. ಒಳಗಿನ ಕ್ಯಾಥೋಡ್ ರೇ ಟ್ಯೂಬ್ ಅನ್ನುವ ಗಾಜಿನ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಪರದೆಗೆ ಬಡಿದು ಚುಕ್ಕೆ ಬೆಳಗುತ್ತದೆ. ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಅದನ್ನು ಕರೆಯುವುದು ಸಿಆರ್‌ಒ (ಕ್ಯಾಥೋಡ್ ರೇ ಆಸಿಲೋಸ್ಕೋಪ್) ಅಂತಲೇ, ಹಾಗಾಗಿ ನಾನೂ ಹಾಗೇ ಬರೆಯುತ್ತೇನೆ. ಮೂವತ್ತನಾಲ್ಕು ವರ್ಷ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇವನ್ನೇ ಬಿಚ್ಚಿ ಜೋಡಿಸಿದವನು ನಾನು. ಈ ಸಲದ ಪುಟವನ್ನೆಲ್ಲ ಅದಕ್ಕೇ ಕೊಡುತ್ತಿದ್ದೇನೆ.

ನಮ್ಮ ಪಾಲಿಟೆಕ್ನಿಕ್‌ನಲ್ಲಿ ಆರು ಹಳೆಯ ಸಿಆರ್‌ಒ ಹರಾಜಿಗೆ ಹಾಕಿದರು. ಒಂದನ್ನು ನಾನೇ 400 ರೂಪಾಯಿಗೆ ಕೊಂಡೆ. 20 ಮೆಗಾಹರ್ಟ್ಸ್, ಎರಡು ಚಾನೆಲ್. ಆನ್ ಮಾಡಿದರೆ ಪರದೆ ಪೂರ್ತಿ ಕತ್ತಲು. ಎಕ್ಸ್-ವೈ ಬಟನ್ ಒತ್ತಿದರೆ ಮಾತ್ರ ಒಂದು ಹಸಿರು ಚುಕ್ಕೆ ಬರುತ್ತದೆ. ಪೊಸಿಷನ್ ನಾಬ್ ತಿರುಗಿಸಿದರೆ ಚುಕ್ಕೆ ನಾಲ್ಕೂ ಕಡೆ ಓಡಾಡುತ್ತದೆ. ಟ್ಯೂಬ್ ಬಿಚ್ಚಿಕೊಂಡು ಗಡಿಯಾರ ಮಾಡುವ ಆಸೆ. ಹೇಗೆ ಬಿಚ್ಚಬೇಕು?
– ಉಪನ್ಯಾಸಕಿ, ಹಾಸನ

ಬಿಚ್ಚಬೇಡಿ ಮೇಡಂ. ನಿಮ್ಮ ಪತ್ರ ಓದಿದ ತಕ್ಷಣ ನನಗೆ ಅನ್ನಿಸಿದ್ದು ಇದೊಂದೇ.

ನೀವೇ ಬರೆದ ಎರಡು ಲಕ್ಷಣ ನೋಡಿ. ಚುಕ್ಕೆ ಬರುತ್ತಿದೆ ಅಂದರೆ ಟ್ಯೂಬ್ ಚೆನ್ನಾಗಿದೆ, ಅದಕ್ಕೆ ಬೇಕಾದ ಹೈ ವೋಲ್ಟೇಜ್ ಕೂಡ ಬರುತ್ತಿದೆ. ಚುಕ್ಕೆ ನಾಲ್ಕೂ ಕಡೆ ಓಡುತ್ತಿದೆ ಅಂದರೆ ಅಡ್ಡಕ್ಕೂ ಉದ್ದಕ್ಕೂ ತಳ್ಳುವ ಆಂಪ್ಲಿಫೈಯರ್‌ಗಳು ಎರಡೂ ಜೀವಂತ ಇವೆ. ಕೆಟ್ಟಿರುವುದು ಟೈಮ್ ಬೇಸ್ ಮಾತ್ರ. ಚುಕ್ಕೆಯನ್ನು ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಎಳೆಯುವ ಸರ್ಕ್ಯೂಟ್ ಅದು. ಅದು ಓಡದಿದ್ದರೆ ಸಿಆರ್‌ಒ ತಾನಾಗಿ ಬೆಳಕು ಆರಿಸಿಬಿಡುತ್ತದೆ. ನಿಂತ ಚುಕ್ಕೆ ಪರದೆಯನ್ನು ಸುಡಬಾರದು ಅಂತ ಹಾಗೆ ಮಾಡಿರುತ್ತಾರೆ. ಅದಕ್ಕೇ ನಿಮಗೆ ಪರದೆ ಕತ್ತಲು ಕಂಡಿದ್ದು.

ಗಡಿಯಾರಕ್ಕೆ ಟೈಮ್ ಬೇಸ್ ಬೇಕಾಗಿಯೇ ಇಲ್ಲ. ಎಕ್ಸ್-ವೈ ಇದ್ದರೆ ಸಾಕು. ಒಂದು ಚಾನೆಲ್‌ಗೆ ಕೊಟ್ಟ ವೋಲ್ಟೇಜ್ ಚುಕ್ಕೆಯನ್ನು ಅಡ್ಡಕ್ಕೆ ಒಯ್ಯುತ್ತದೆ, ಇನ್ನೊಂದು ಮೇಲೆ ಕೆಳಗೆ. ಎರಡನ್ನೂ ಬೇಗ ಬೇಗ ಬದಲಿಸಿದರೆ ಚುಕ್ಕೆ ಚಿತ್ರ ಬರೆಯುತ್ತದೆ. ಅಷ್ಟೆ.

ಇಎಸ್‌ಪಿ32 ಅನ್ನುವ, ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಬೋರ್ಡ್ ನಿಮ್ಮ ವಿದ್ಯಾರ್ಥಿಗಳ ಬ್ಯಾಗಿನಲ್ಲೇ ಇರುತ್ತದೆ. ಅದರ ಹಳೆಯ ಮೂಲ ಮಾದರಿಯಲ್ಲಿ 25 ಮತ್ತು 26ನೇ ಪಿನ್‌ಗಳಿಂದ ಅನಲಾಗ್ ವೋಲ್ಟೇಜ್ ನೇರವಾಗಿ ಸಿಗುತ್ತದೆ, 0ಯಿಂದ ಸುಮಾರು 3.3 ವೋಲ್ಟ್‌ವರೆಗೆ, 256 ಮೆಟ್ಟಿಲುಗಳಲ್ಲಿ. ಎರಡೂ ಚಾನೆಲ್ ಅನ್ನು ಪರದೆಯ ಮೇಲಿನ ಪ್ರತಿ ಮನೆಗೆ (ಚೌಕಕ್ಕೆ) 0.5 ವೋಲ್ಟ್‌ಗೆ ಇಡಿ. ಆಗ ಚಿತ್ರ ಆರೂವರೆ ಮನೆ ಅಗಲ, ಅಷ್ಟೇ ಎತ್ತರ ಬರುತ್ತದೆ. ಎಂಟು ಮನೆ ಎತ್ತರದ ಪರದೆಯಲ್ಲಿ ಚೆನ್ನಾಗಿ ಕೂರುತ್ತದೆ. ಇನ್‌ಪುಟ್ ಸ್ವಿಚ್ ಡಿಸಿಯಲ್ಲಿರಲಿ, ಎಸಿಯಲ್ಲಿಟ್ಟರೆ ಚಿತ್ರ ಜಾರುತ್ತದೆ. ಪೂರ್ತಿ ಚಿತ್ರವನ್ನು ಸೆಕೆಂಡಿಗೆ 50 ಸಲವಾದರೂ ಬರೆಯಬೇಕು, ಇಲ್ಲದಿದ್ದರೆ ಕಣ್ಣಿಗೆ ಮಿಟುಕುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಗಡಿಯಾರ ಮಾಡುವವರು ಇಂಗ್ಲಿಷ್ ಅಂಕಿಗಳನ್ನು ವೃತ್ತದ ತುಂಡುಗಳಿಂದ ಕಟ್ಟುವುದುಂಟು. ಯಾಕೆಂದರೆ ಸೈನ್ ಮತ್ತು ಕೊಸೈನ್ ಎರಡನ್ನು ಎರಡು ಚಾನೆಲ್‌ಗೆ ಕೊಟ್ಟರೆ ವೃತ್ತ ತಾನಾಗಿ ಬರುತ್ತದೆ, ಅದರಲ್ಲಿ ಬೇಕಾದಷ್ಟು ಭಾಗ ಮಾತ್ರ ಬೆಳಗಿಸಿದರೆ ಕಮಾನು. ಆದರೆ ಇಂಗ್ಲಿಷಿನ 1, 4, 7 ಬಂದಾಗ ನೇರ ಗೆರೆ ಬೇಕಾಗುತ್ತದೆ. ನಮ್ಮ ಅಂಕಿಗಳನ್ನು ನೋಡಿ. ೦ ಪೂರ್ತಿ ವೃತ್ತ, ೧ ಕೆಳಗೆ ತೆರೆದ ಕಮಾನು. ಉಳಿದವೂ ಬಹುಪಾಲು ಬಳುಕುಗಳೇ. ಈ ಟ್ಯೂಬಿಗೆ ಹೇಳಿ ಮಾಡಿಸಿದ ಲಿಪಿ ನಮ್ಮದು. ನಾನು ಮನೆಯಲ್ಲಿ ಮಾಡಿದ ಗಡಿಯಾರದಲ್ಲಿ ಕನ್ನಡ ಅಂಕಿಗಳೇ ಇವೆ. ಸಂಜೆ ದೀಪ ಆರಿಸಿ ಆ ಹಸಿರು ಬೆಳಕಲ್ಲಿ ೭ ಗಂಟೆ ೩೦ ನಿಮಿಷ ಓದುವಾಗ ಆಗುವ ಖುಷಿ ದೊಡ್ಡದು. ದಯವಿಟ್ಟು ನೀವೂ ಕನ್ನಡ ಅಂಕಿ ಹಾಕಿ.

ಒಂದು ಎಚ್ಚರಿಕೆ. ಪ್ರೋಗ್ರಾಂ ಎಲ್ಲಾದರೂ ನಿಂತುಹೋದರೆ ಚುಕ್ಕೆಯೂ ಒಂದೇ ಕಡೆ ನಿಲ್ಲುತ್ತದೆ. ಇಂಟೆನ್ಸಿಟಿ ಜೋರಾಗಿದ್ದರೆ ಸ್ವಲ್ಪ ಹೊತ್ತಿಗೇ ಅಲ್ಲಿನ ಫಾಸ್ಫರ್, ಅಂದರೆ ಪರದೆಯ ಒಳಗಿನ ಬೆಳಗುವ ಲೇಪ, ಸುಟ್ಟು ಕಂದು ಕಲೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ನಮ್ಮ ಲ್ಯಾಬಿನ ಅತಿ ಒಳ್ಳೆಯ ಸಿಆರ್‌ಒ ಪರದೆಯ ನಟ್ಟ ನಡುವೆ ಹೀಗೊಂದು ಕಲೆ ಇತ್ತು. ಯಾರೋ ಮಧ್ಯಾಹ್ನ ಊಟಕ್ಕೆ ಹೋಗುವಾಗ ಎಕ್ಸ್-ವೈನಲ್ಲೇ ಬಿಟ್ಟು ಹೋಗಿದ್ದರು. ಆಮೇಲೆ ಹದಿನೈದು ವರ್ಷ ಪ್ರತಿ ತರಂಗವೂ ಆ ಕಲೆಯ ಮೇಲೆ ಹಾದು ಹೋಗುವುದನ್ನು ನೋಡಿ ನಾನು ಸಂಕಟಪಟ್ಟಿದ್ದೇನೆ. ಬೆಳಕು ಕತ್ತಲಲ್ಲಿ ಕಾಣುವಷ್ಟು ಮಾತ್ರ ಇಡಿ. ಗಂಟೆಗೊಮ್ಮೆ ಇಡೀ ಚಿತ್ರವನ್ನು ಒಂದೆರಡು ಮೆಟ್ಟಿಲು ಪಕ್ಕಕ್ಕೆ ಸರಿಸುವಂತೆ ಪ್ರೋಗ್ರಾಂ ಬರೆಯಿರಿ. ಹಿಂದುಗಡೆ ಝೆಡ್ ಇನ್‌ಪುಟ್ ಇದ್ದರೆ ಬೆಳಕು ಆರಿಸಲು ಅದನ್ನು ಬಳಸಿ. ಅಂಕಿಯಿಂದ ಅಂಕಿಗೆ ಹಾರುವಾಗ ಬೀಳುವ ಮಸುಕು ಗೆರೆಯೂ ಅದರಿಂದ ಹೋಗುತ್ತದೆ.

ಉಳಿದ ಐದು ಸಿಆರ್‌ಒ ಯಾರು ಕೊಂಡರು ಅಂತ ವಿಚಾರಿಸಿ. ಗುಜರಿಗೆ ಹೋಗಿದ್ದರೆ ಇನ್ನೂ ಸಿಗಬಹುದು.

ಎಸ್‌.ಪಿ. ರೋಡಿನ ಗುಜರಿಯಲ್ಲಿ ಒಂದು ಬಿಡಿ ಟ್ಯೂಬ್ ಸಿಕ್ಕಿತು. ಮೇಲೆ ಡಿಜಿ7-32 ಅಂತ ಬರೆದಿದೆ. ಇದಕ್ಕೆ ಎಷ್ಟು ವೋಲ್ಟ್ ಕೊಡಬೇಕು? ಆರ್ಡುಯಿನೋ ಬೋರ್ಡಿಗೆ ನೇರವಾಗಿ ಜೋಡಿಸಬಹುದಾ?
– ಡಿಪ್ಲೊಮಾ ವಿದ್ಯಾರ್ಥಿ, ಬೆಂಗಳೂರು

ತಮ್ಮಾ, ನಿನ್ನ ಕೈಗೆ ಒಳ್ಳೆಯ ಟ್ಯೂಬ್ ಸಿಕ್ಕಿದೆ. ಪೆಟ್ಟಿಗೆಯಿಂದ ಯಾರೋ ಆಗಲೇ ಬಿಚ್ಚಿಬಿಟ್ಟಿದ್ದಾರೆ, ಇನ್ನು ಅದಕ್ಕೆ ಹೊಸ ಮನೆ ನೀನೇ ಕಟ್ಟಬೇಕು.

ಹೆಸರಲ್ಲೇ ಅರ್ಧ ವಿಷಯ ಇದೆ. ಇದು ಫಿಲಿಪ್ಸ್ ಮತ್ತು ಮಲ್ಲಾರ್ಡ್‌ನವರ ಹಳೆಯ ಗುರುತು. ಡಿ ಅಂದರೆ ಎರಡೂ ದಿಕ್ಕಿಗೆ ಕಿರಣವನ್ನು ಲೋಹದ ಪ್ಲೇಟ್‌ಗಳ ವೋಲ್ಟೇಜೇ ತಿರುಗಿಸುತ್ತದೆ. ಜಿ ಅಂದರೆ ಹಸಿರು ಪರದೆ. 7 ಅಂದರೆ 7 ಸೆಂಟಿಮೀಟರ್ ಅಗಲ. ಎಲೆಕ್ಟ್ರಾನ್ ಹೊರಡಿಸಲು ಒಳಗೆ ಕಾಯಿಸುವ ಹೀಟರ್‌ಗೆ 6.3 ವೋಲ್ಟ್, 0.3 ಆಂಪಿಯರ್. ಈ ಟ್ಯೂಬಿನ ದೊಡ್ಡ ಗುಣ ಅಂದರೆ ಸುಮಾರು 500 ವೋಲ್ಟ್‌ನಲ್ಲೇ ಚೆನ್ನಾಗಿ ಓಡುತ್ತದೆ. ದೊಡ್ಡ ಸಿಆರ್‌ಒ ಟ್ಯೂಬ್‌ಗಳಿಗೆ 2000 ವೋಲ್ಟ್ ಇಲ್ಲವೇ ಅದಕ್ಕೂ ಜಾಸ್ತಿ ಬೇಕು.

ಮೊದಲು ಟ್ಯೂಬ್ ಸರಿ ಇದೆಯಾ ನೋಡು. ಮಲ್ಟಿಮೀಟರ್‌ನಲ್ಲಿ ಹೀಟರ್‌ನ ಎರಡು ಪಿನ್ ನಡುವೆ ಕೆಲವೇ ಓಮ್ ತೋರಿಸಬೇಕು. ಗಾಜಿನ ಒಳಗೆ ಬೆಳ್ಳಿಯಂಥ ಹೊಳೆಯುವ ಕಲೆ ಇದ್ದರೆ ಅದೇ ಗೆಟರ್, ಒಳಗೆ ಉಳಿದ ಗಾಳಿಯನ್ನು ಹೀರುವ ಲೋಹದ ಲೇಪ. ಅದು ಹಾಲಿನಂತೆ ಬಿಳಿ ಆಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಟ್ಯೂಬ್ ಮುಗಿದ ಹಾಗೆ. ಹಾಗಿದ್ದರೆ ಮುಂದಿನ ಖರ್ಚು ಮಾಡಬೇಡ.

ಈಗ ವೋಲ್ಟೇಜ್. 230ರಿಂದ 12 ವೋಲ್ಟ್‌ಗೆ ಇಳಿಸುವ ಎರಡು ಒಂದೇ ಥರದ ಟ್ರಾನ್ಸ್‌ಫಾರ್ಮರ್ ತಗೋ. ಒಂದರ 12 ವೋಲ್ಟನ್ನು ಇನ್ನೊಂದರ 12 ವೋಲ್ಟ್ ಕಡೆಗೆ ಜೋಡಿಸು. ಎರಡನೆಯದರಿಂದ ಮತ್ತೆ 200 ವೋಲ್ಟ್ ಆಸುಪಾಸು ಬರುತ್ತದೆ, ಮೇನ್ಸ್‌ನಿಂದ ಬೇರೆಯಾಗಿ. ಅದನ್ನು ಎರಡು ಡಯೋಡ್, ಎರಡು ಕೆಪಾಸಿಟರ್‌ನ ಡಬ್ಲರ್‌ಗೆ ಕೊಟ್ಟರೆ, 200ರ ಎಸಿಯ ತುದಿ ವೋಲ್ಟೇಜ್ ಸುಮಾರು 280 ದುಪ್ಪಟ್ಟಾಗಿ, 560 ವೋಲ್ಟ್ ಸಿಗುತ್ತದೆ. ಕೆಪಾಸಿಟರ್ 450 ವೋಲ್ಟಿನವೇ ಇರಲಿ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ಡಬ್ಲರ್ ಮಾಡಲು ಎಂದೂ ಹೋಗಬೇಡ. ಆಗ ನಿನ್ನ ಆರ್ಡುಯಿನೋ, ಲ್ಯಾಪ್‌ಟಾಪ್, ನೀನು, ಎಲ್ಲ ಮೇನ್ಸ್‌ಗೆ ಅಂಟಿಕೊಂಡ ಹಾಗೆ.

ಪ್ರತಿ ಕೆಪಾಸಿಟರ್ ಮೇಲೆ 1 ಮೆಗಾಓಮ್‌ನ ಅರ್ಧ ವಾಟ್ ರೆಸಿಸ್ಟರ್ ಕೂರಿಸಲು ಮರೆಯಬೇಡ. ಪ್ಲಗ್ ತೆಗೆದ ಮೇಲೆ ತುಂಬಿಕೊಂಡ ಚಾರ್ಜ್ ಇಳಿಸುವುದು ಅದೇ. 10 ಮೈಕ್ರೋಫ್ಯಾರಡ್ ಆದರೆ ಪೂರ್ತಿ ಇಳಿಯಲು ಒಂದು ನಿಮಿಷ. ಒಂದು ನಿಮಿಷ ಕಾದು, ಮೀಟರ್‌ನಲ್ಲಿ ನೋಡಿ, ಆಮೇಲೆ ಕೈ ಹಾಕು.

ಹುಡುಗರಿಗೆ ಗೊಂದಲ ಆಗುವುದು ಮುಂದಿನ ವಿಷಯದಲ್ಲಿ. ಎಲೆಕ್ಟ್ರಾನ್ ಹೊರಡುವುದು ಕ್ಯಾಥೋಡಿನಿಂದ, ಅವನ್ನು ಮುಂದಕ್ಕೆ ಎಳೆಯುವುದು ಆನೋಡ್. ಸಿಆರ್‌ಒದಲ್ಲಿ ಸಾಮಾನ್ಯವಾಗಿ ಆನೋಡ್ ಕಡೆ ನೆಲದ (ಗ್ರೌಂಡ್) ವೋಲ್ಟೇಜ್ ಹತ್ತಿರ ಇಟ್ಟು, ಕ್ಯಾಥೋಡನ್ನು ಮೈನಸ್‌ಗೆ ತಳ್ಳುತ್ತಾರೆ. ಕಿರಣ ತಿರುಗಿಸುವ ಡಿಫ್ಲೆಕ್ಷನ್ ಪ್ಲೇಟ್‌ಗಳು ಆನೋಡ್ ಪಕ್ಕದಲ್ಲೇ ಇರುವುದರಿಂದ ಸಿಗ್ನಲ್ ಕೊಡುವ ಜಾಗ ಹೀಗೆ ಸುರಕ್ಷಿತ ಆಗುತ್ತದೆ. ಆದರೆ ಹೀಟರ್ ಇರುವುದು ಕ್ಯಾಥೋಡ್ ಒಳಗೆ. ಅಂದರೆ ಹೀಟರ್ ವೈರ್ ಕೂಡ ಮೈನಸ್ 500ರಲ್ಲಿ ಕೂತಿರುತ್ತದೆ. ಬರೀ 6 ವೋಲ್ಟ್ ಅಲ್ವಾ ಅಂತ ಮುಟ್ಟಿದರೆ ಹೋಯಿತು. ಅದಕ್ಕೆ ಬೇರೆಯದೇ ಚಿಕ್ಕ ಟ್ರಾನ್ಸ್‌ಫಾರ್ಮರ್ ಬೇಕು. 500 ವೋಲ್ಟಿಗೆ ಒಳ್ಳೆಯ ಮಾಮೂಲಿ ಟ್ರಾನ್ಸ್‌ಫಾರ್ಮರ್ ತಡೆಯುತ್ತದೆ, 2000ಕ್ಕೆ ಅದನ್ನು ನಂಬಬೇಡ. 1989ರಲ್ಲಿ ನಾನು 2000 ವೋಲ್ಟಿನ ಟ್ಯೂಬಿಗೆ ಹಾಗೆ ಮಾಡಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಒಳಗೆ ಪಟ್ ಅಂತ ಸದ್ದು, ಸುಟ್ಟ ವಾರ್ನಿಷ್ ವಾಸನೆ. ಸುರುಳಿಗಳ ನಡುವಿನ ಕಾಗದ ತೂತಾಗಿ 2000 ವೋಲ್ಟ್ ಮೇನ್ಸ್ ಕಡೆಗೆ ಹಾರಿತ್ತು. ಆ ಹೊತ್ತಿಗೆ ನನ್ನ ಕೈ ಮೇಜಿನ ಮೇಲಿರಲಿಲ್ಲ. ಆ ದಿನ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಗ್ರಿಡ್ ಕ್ಯಾಥೋಡಿಗಿಂತಲೂ ಇನ್ನೂ ಹತ್ತಾರು ವೋಲ್ಟ್ ಮೈನಸ್ ಇರಬೇಕು. ಅದೇ ಬೆಳಕಿನ ನಾಬ್. ಮೊದಲ ಸಲ ಆನ್ ಮಾಡುವಾಗ ಗ್ರಿಡ್ ಪೂರ್ತಿ ಮೈನಸ್ ಕಡೆಗಿರಲಿ. ಒಂದು ನಿಮಿಷ ಹೀಟರ್ ಕಾಯಲಿ, ಆಮೇಲೆ ನಿಧಾನಕ್ಕೆ ಬೆಳಕು ಏರಿಸು.

ಆರ್ಡುಯಿನೋ ನೇರವಾಗಿ ಆಗುವುದಿಲ್ಲ. ಅದರ 5 ವೋಲ್ಟ್‌ಗೆ ಚುಕ್ಕೆ ಸುಮ್ನೆ ಅಲುಗುತ್ತದೆ ಅಷ್ಟೆ. ಪರದೆ ತುಂಬ ಓಡಾಡಿಸಲು ಪ್ಲೇಟ್‌ಗಳಿಗೆ ನೂರು ವೋಲ್ಟ್ ಮೇಲೆ ಬೇಕು. ಎಂಪಿಎಸ್‌ಎ42 ಅನ್ನುವ 300 ವೋಲ್ಟಿನ ಟ್ರಾನ್ಸಿಸ್ಟರ್ ಜೋಡಿಯಿಂದ ಒಂದು ಪುಶ್-ಪುಲ್ ಆಂಪ್ಲಿಫೈಯರ್ ಕಟ್ಟು. ಎಕ್ಸ್‌ಗೆ ಒಂದು ಜೋಡಿ, ವೈಗೆ ಒಂದು ಜೋಡಿ. ಒಂದು ಪ್ಲೇಟ್ ಎಷ್ಟು ಏರುತ್ತದೋ ಎದುರಿನದು ಅಷ್ಟೇ ಇಳಿಯಬೇಕು. ಎರಡರ ಸರಾಸರಿ ಕೊನೆಯ ಆನೋಡ್ ವೋಲ್ಟೇಜ್ ಆಸುಪಾಸೇ ಇರಲಿ. ಇಲ್ಲದಿದ್ದರೆ ಚುಕ್ಕೆ ದುಂಡಗೆ ಬರದೆ ಅಕ್ಕಿ ಕಾಳಿನ ಥರ ಉದ್ದವಾಗುತ್ತದೆ.

ಇಷ್ಟು ಮಾಡಿದರೆ ಗಡಿಯಾರ ಮಾತ್ರ ಅಲ್ಲ, ಆಟವನ್ನೂ ಆಡಬಹುದು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಒಂದು ಆಸಿಲೋಸ್ಕೋಪ್ ಪರದೆಯ ಮೇಲೆ ಟೆನಿಸ್ ಆಟ ಮಾಡಿ ತೋರಿಸಿದರು. ನೋಡಲು ಬಂದವರು ಸಾಲುಗಟ್ಟಿ ನಿಂತು ಆಡಿದರು. ನಮ್ಮ ದೇಶದಲ್ಲೂ 1960ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್‌)ಯವರು ಕಟ್ಟಿದ ಟಿಫ್ರಾಕ್ ಕಂಪ್ಯೂಟರಿಗೆ ಗ್ರಾಫ್ ಮತ್ತು ಅಕ್ಷರ ತೋರಿಸಲು ಕ್ಯಾಥೋಡ್ ರೇ ಟ್ಯೂಬ್ ಇತ್ತು. ನಿನ್ನ ಮೇಜಿನ ಮೇಲಿರುವುದು ಅದೇ ಕುಟುಂಬದ್ದು.

ಒಂಬತ್ತನೇ ಕ್ಲಾಸಿನ ನನ್ನ ಮಗ ಹಳೆಯ ಸಿಆರ್‌ಒ ತಂದಿಟ್ಟುಕೊಂಡಿದ್ದಾನೆ. ಅದು ಸರಿಯಾಗಿಯೇ ಓಡುತ್ತಿದೆ. ಟ್ಯೂಬ್ ತೆಗೆದು ಏನೋ ಮಾಡುತ್ತೇನೆ ಅನ್ನುತ್ತಾನೆ. ಇದರಿಂದ ಎಕ್ಸ್-ರೇ ಬರುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಬೇಡ ಅಂದರೆ ಮುಖ ಸಣ್ಣ ಮಾಡುತ್ತಾನೆ.
– ತಾಯಿ, ಮೈಸೂರು

ಎಕ್ಸ್-ರೇ ಬಗ್ಗೆ ಹೆದರಬೇಡಿ ಅಮ್ಮ. ಒಂದೆರಡು ಸಾವಿರ ವೋಲ್ಟ್‌ನಲ್ಲಿ ಹುಟ್ಟುವ ಅಲ್ಪಸ್ವಲ್ಪವನ್ನು ಗಾಜೇ ತಡೆದುಬಿಡುತ್ತದೆ. ನಿಜವಾದ ಅಪಾಯಗಳು ಎರಡು, ಎರಡೂ ಕವರ್ ಒಳಗಿವೆ.

ಮೊದಲನೆಯದು ಕೆಪಾಸಿಟರ್‌ಗಳು. ಪ್ಲಗ್ ತೆಗೆದ ಮೇಲೂ ಅವು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಅಳೆದು ನೋಡೋಣ ಅಂದರೆ ಮನೆಯ ಮಲ್ಟಿಮೀಟರ್ 600 ಇಲ್ಲವೇ 1000 ವೋಲ್ಟ್‌ವರೆಗೆ ಮಾತ್ರ. 2000 ವೋಲ್ಟಿಗೆ ಅದನ್ನು ಇಟ್ಟರೆ ಮೀಟರ್ ಹೋಗುತ್ತದೆ, ಕೈಗೂ ಅಪಾಯ. ನಾವು ಲ್ಯಾಬಿನಲ್ಲಿ 1 ಮೆಗಾಓಮ್‌ನ ಹತ್ತು ರೆಸಿಸ್ಟರ್ ಸಾಲಾಗಿ ಬೆಸೆದು, ನೆಲದ ಕಡೆಯ ಒಂದರ ಮೇಲೆ ಮಾತ್ರ ಅಳೆಯುತ್ತಿದ್ದೆವು. ಲೆಕ್ಕಕ್ಕೆ 200 ಬರಬೇಕು, ಮೀಟರಿನ 10 ಮೆಗಾಓಮ್ ಜೊತೆಗೆ ಸೇರಿ 183 ತೋರಿಸುತ್ತಿತ್ತು. ಇದು ಕೈ ಪಳಗಿದವರು ಪಕ್ಕದಲ್ಲಿ ನಿಂತು ಮಾಡಿಸುವ ಕೆಲಸ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬನೇ ಕೂತು ಮಾಡುವುದಲ್ಲ.

ಎರಡನೆಯದು ಗಾಜು. ಒಳಗೆ ಗಾಳಿ ಇಲ್ಲ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತುತ್ತದೆ. ಎಂಟು ಸೆಂಟಿಮೀಟರ್ ಎತ್ತರ, ಹತ್ತು ಅಗಲದ ಪರದೆ ಅಂದರೆ ಮುಖದ ಮೇಲೇ 80 ಕೆಜಿ. ಒಡೆದರೆ ಚೂರುಗಳು ಒಳಕ್ಕೆ ನುಗ್ಗಿ, ಆಮೇಲೆ ಎಲ್ಲ ಕಡೆ ಸಿಡಿಯುತ್ತವೆ. ಟ್ಯೂಬಿನ ಸಣ್ಣ ಕುತ್ತಿಗೆ ಹಿಡಿದು ಎತ್ತಿದರೆ ಮುರಿಯುವುದು ಅಲ್ಲೇ.

ಆದರೆ ಬೇಡ ಅನ್ನಬೇಡಿ. ಕವರ್ ಮುಚ್ಚಿಯೇ ಇರಲಿ, ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಸರಿಯಾಗಿರಲಿ, ಎಕ್ಸ್-ವೈನಲ್ಲಿ ಹಾಕಿ ಕೊಡಿ. ಮೊಬೈಲ್ ಹೆಡ್‌ಫೋನ್ ವೈರಿನ ಎಡವನ್ನು ಒಂದು ಚಾನೆಲ್‌ಗೆ, ಬಲವನ್ನು ಇನ್ನೊಂದಕ್ಕೆ ಕೊಡಲಿ. ಮೊಬೈಲ್ ಆಗ ಚಾರ್ಜರ್‌ನಲ್ಲಿ ಇರಬಾರದು. ಬೇಕಾದ ಶ್ರುತಿಯ ಸ್ವರ ಹೊರಡಿಸುವ ಆ್ಯಪ್‌ಗಳಿವೆ. ಎಡಕ್ಕೆ 200 ಹರ್ಟ್ಸ್, ಬಲಕ್ಕೆ 300 ಹರ್ಟ್ಸ್ ಕೊಟ್ಟರೆ ಜಡೆ ಹೆಣೆದಂಥ ಒಂದು ಚಿತ್ರ ಅಲುಗದೆ ನಿಲ್ಲುತ್ತದೆ.

ಇದು ಷಡ್ಜ ಮತ್ತು ಪಂಚಮ. ನಿಮ್ಮ ಮನೆಯಲ್ಲಿ ಯಾರಾದರೂ ಸಂಗೀತ ಕಲಿಯುತ್ತಿದ್ದರೆ ಅವರನ್ನೂ ಕರೆದು ತೋರಿಸಿ. ಶುದ್ಧ ಪಂಚಮ 300. ಕೀಬೋರ್ಡಿನ ಪಂಚಮ 299.66. ಕಿವಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ, ಪರದೆಯಲ್ಲಿ ಎದ್ದು ಕಾಣುತ್ತದೆ. 299.66 ಕೊಟ್ಟರೆ ಆ ಜಡೆ ನಿಲ್ಲದೆ ನಿಧಾನಕ್ಕೆ ಉರುಳುತ್ತಾ ಹೋಗುತ್ತದೆ, ಒಂದೂವರೆ ಸೆಕೆಂಡಿಗೆ ಒಂದು ಸುತ್ತು. 1850ರ ದಶಕದಲ್ಲಿ ಫ್ರಾನ್ಸಿನ ಲಿಸಾಜು ಅನ್ನುವ ವಿಜ್ಞಾನಿ ಶ್ರುತಿಕವೆಗಳಿಗೆ (ಟ್ಯೂನಿಂಗ್ ಫೋರ್ಕ್) ಕನ್ನಡಿ ಅಂಟಿಸಿ, ಅದರ ಮೇಲೆ ಬೆಳಕು ಬಿಟ್ಟು ನೋಡಿದ್ದು ಇದೇ ಚಿತ್ರಗಳನ್ನು. ನಿಮ್ಮ ಮಗನಿಗೆ ಒಂದು ಬೇಸಿಗೆ ರಜೆಗೆ ಇಷ್ಟು ಸಾಕು. ಬಿಚ್ಚುವ ಕೆಲಸ ಡಿಪ್ಲೊಮಾಗೆ ಬಂದ ಮೇಲೆ ಆಗಲಿ.

ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟಿವಿಯ ಟ್ಯೂಬನ್ನು ಸಿಆರ್‌ಒಗೆ ಹಾಕಬಹುದಾ? ನನ್ನ ಸಿಆರ್‌ಒ ಟ್ಯೂಬ್ ಒಡೆದಿದೆ.
– ಓದುಗರು, ಶಿವಮೊಗ್ಗ

ಆಗುವುದಿಲ್ಲ. ಟಿವಿ ಟ್ಯೂಬಿನಲ್ಲಿ ಕಿರಣವನ್ನು ತಿರುಗಿಸುವುದು ಕುತ್ತಿಗೆಗೆ ಹಾಕಿದ ಕಾಯಿಲ್‌ನ ಅಯಸ್ಕಾಂತ ಶಕ್ತಿ. ಸಿಆರ್‌ಒದಲ್ಲಿ ಒಳಗಿನ ಪ್ಲೇಟ್‌ಗಳು. ಕಾಯಿಲ್‌ಗೆ ಕರೆಂಟನ್ನು ಬೇಗ ಬದಲಿಸಲು ಆಗುವುದಿಲ್ಲ, ಪ್ಲೇಟ್‌ಗೆ ಆಗುತ್ತದೆ. ಟಿವಿಗೆ ಕಾಯಿಲ್, ಸಿಆರ್‌ಒಗೆ ಪ್ಲೇಟ್ ಇರುವುದಕ್ಕೆ ಅದೊಂದು ದೊಡ್ಡ ಕಾರಣ. ಅದೂ ಅಲ್ಲದೆ ಟಿವಿ ಟ್ಯೂಬಿಗೆ ಹತ್ತು ಸಾವಿರ ವೋಲ್ಟ್ ಆಸುಪಾಸು ಬೇಕು. ಒಡೆದ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಬೇಡಿ. ಗಾಜಿನಲ್ಲಿ ಸೀಸ ಇರಬಹುದು, ಒಳಗಿನ ಪುಡಿಯನ್ನು ಕೈಯಲ್ಲಿ ಮುಟ್ಟಬಾರದು. ಗಟ್ಟಿ ಡಬ್ಬಿಗೆ ಹಾಕಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಉಳಿದ ಸಿಆರ್‌ಒ ಮಾತ್ರ ಎಸೆಯಬೇಡಿ, ಅದರ ಹೀಟರ್ ಟ್ರಾನ್ಸ್‌ಫಾರ್ಮರ್ ಮೇಲಿನ ಬೆಂಗಳೂರಿನ ಹುಡುಗನಂಥವರಿಗೆ ಚಿನ್ನ.

ನನ್ನ ಬಳಿ ಇರುವ ಟ್ಯೂಬ್ ತುಂಬ ಮಂಕಾಗಿದೆ. ಹೊಸ ಜೀವ ಕೊಡಬಹುದಾ? ಟ್ಯೂಬಿನ ಸುತ್ತ ಒಂದು ತೆಳು ಲೋಹದ ಕೊಳವೆ ಇದೆ, ತಗ್ಗು ಬಿದ್ದಿದೆ. ತಟ್ಟಿ ಸರಿ ಮಾಡಲಾ?
– ನಿವೃತ್ತ ಅಧ್ಯಾಪಕರು, ಧಾರವಾಡ

ಸರ್, ಕೊಳವೆಯನ್ನು ದಯವಿಟ್ಟು ತಟ್ಟಬೇಡಿ. ಅದು ಮ್ಯೂಮೆಟಲ್ ಅನ್ನುವ ಮಿಶ್ರಲೋಹ. ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಶಕ್ತಿ ಕಿರಣವನ್ನು ಅಲುಗಿಸದಂತೆ ತಡೆಯುವುದು ಅದರ ಕೆಲಸ. ಸುತ್ತಿಗೆ ಪೆಟ್ಟು ಬಿದ್ದರೆ, ಬಗ್ಗಿದರೆ ಆ ಗುಣ ಕಮ್ಮಿಯಾಗುತ್ತದೆ, ಮತ್ತೆ ಭಟ್ಟಿಯಲ್ಲಿ ಕಾಯಿಸಿದರೆ ಮಾತ್ರ ವಾಪಸು ಬರುತ್ತದೆ. ತಗ್ಗು ಇದ್ದ ಹಾಗೇ ಇರಲಿ. ಗಾಜಿಗೆ ತಾಗದಿದ್ದರೆ ಸಾಕು.

ಮಂಕಿಗೆ ಕಾರಣ ಎರಡಿರಬಹುದು. ಮೊದಲು ಹೈ ವೋಲ್ಟೇಜ್ ರೆಸಿಸ್ಟರ್‌ಗಳನ್ನು, ಟ್ಯೂಬಿನಿಂದ ಬಿಡಿಸಿ, ಪವರ್ ಇಲ್ಲದಾಗ ಅಳೆಯಿರಿ. ಮೆಗಾಓಮ್ ಬೆಲೆಯ ಹಳೆಯ ಕಾರ್ಬನ್ ರೆಸಿಸ್ಟರ್‌ಗಳು ವರ್ಷ ಕಳೆದಂತೆ ಏರುತ್ತಾ ಹೋಗುತ್ತವೆ. ನಾನು ನೋಡಿದ ಮಂಕು ಟ್ಯೂಬ್‌ಗಳಲ್ಲಿ ಎಷ್ಟೋ ಇದರಿಂದಲೇ ಮಂಕಾಗಿದ್ದವು. ಟ್ಯೂಬಿಗೆ ಏನೂ ಆಗಿರಲಿಲ್ಲ. ಬದಲಿಸುವಾಗ ಒಂದೇ ದೊಡ್ಡ ರೆಸಿಸ್ಟರ್ ಹಾಕದೆ ಹಲವನ್ನು ಸಾಲಾಗಿ ಹಾಕಿ. ಮಾಮೂಲಿ ಕಾಲು ವಾಟಿನದು ತಡೆಯುವುದು 250 ವೋಲ್ಟ್ ಆಸುಪಾಸು ಮಾತ್ರ.

ಎಲ್ಲ ಸರಿ ಇದ್ದರೂ ಮಂಕಾಗಿದ್ದರೆ ಕ್ಯಾಥೋಡ್ ಸೋತಿದೆ. ಹೀಟರ್ ವೋಲ್ಟೇಜನ್ನು 6.3ರಿಂದ ಶೇಕಡಾ ಹತ್ತರಷ್ಟು, ಅಂದರೆ 6.9ಕ್ಕೆ ಏರಿಸಿ, ಹೈ ವೋಲ್ಟೇಜ್ ಕೊಡದೆ ಕೆಲವು ಗಂಟೆ ಬಿಡಿ. ವರ್ಷಗಟ್ಟಲೆ ಸುಮ್ನೆ ಕಪಾಟಿನಲ್ಲಿದ್ದ ಟ್ಯೂಬ್‌ಗಳು ಇದರಿಂದ ಎದ್ದು ಕೂತದ್ದನ್ನು ನೋಡಿದ್ದೇನೆ. ಹಗಲಿರುಳು ಓಡಿ ಸವೆದ ಟ್ಯೂಬ್‌ಗಳು ಏಳುವುದು ಅಪರೂಪ. ನಿಮ್ಮದು ಯಾವ ಥರದ್ದು ಅಂತ ಪತ್ರದಲ್ಲಿ ಬರೆದಿಲ್ಲ. ರೆಸಿಸ್ಟರ್ ಅಳೆದು, ಬಂದ ಬೆಲೆಗಳನ್ನು ಬರೆದು ಕಳಿಸಿ. ಸರ್ಕ್ಯೂಟಿನ ಚಿತ್ರವನ್ನೂ ಕೈಯಲ್ಲಿ ಬರೆದು ಜೊತೆಗಿಡಿ, ಮುಂದಿನ ಸಂಚಿಕೆಗೆ ನೋಡಿ ಹೇಳುತ್ತೇನೆ.